ಕಿತ್ತು ನೆಡಬಾರದ ಪುಂಡಿ

ನಮ್ಮ ಭಾವನ ಮನೆಗೆ ಪೊಲೀಸರು ಬಂದದ್ದು ಸೊಪ್ಪಿನ ದೆಸೆಯಿಂದ ಎಂದರೆ ನೀವು ನಂಬುವುದಿಲ್ಲ. ಅಕ್ಕ ಫೋನು ಮಾಡಿದಾಗ ನಾನೂ ನಂಬಿರಲಿಲ್ಲ!

ಅಕ್ಕನ ಗಂಡ ಕಲಬುರಗಿಯವರು. ಜಪಾನಿನ ವಾಕೋದಲ್ಲಿ ಸಂಶೋಧಕರು, ಮಹಾ ಗಂಭೀರ. ಬಾಲ್ಕನಿಗೆ ಕಾಲಿಟ್ಟರೆ ಮಾತ್ರ ಅವತಾರವೇ ಬೇರೆ. ಅಲ್ಲಿ ದೊಡ್ಡ ಟಬ್ಬೊಂದರಲ್ಲಿ ಪುಂಡಿ ಸೊಪ್ಪು ಬೆಳೆಯುತ್ತಾರೆ. ರೊಟ್ಟಿಯ ಜೊತೆ ಪುಂಡಿಪಲ್ಯ ಇಲ್ಲದಿದ್ದರೆ ಅವರಿಗೆ ಅದು ಊಟವೇ ಅಲ್ಲ. ಅವರದೊಂದು ಕಟ್ಟಳೆಯೂ ಉಂಟು: ಪುಂಡಿಯನ್ನು ಕಿತ್ತು ಬೇರೆಡೆ ನೆಡಬಾರದು. ಅದಕ್ಕಿರುವುದು ಒಂದೇ ತಾಯಿಬೇರು, ಕೆಲವೇ ತಿಂಗಳ ಆಯಸ್ಸು. ಕಿತ್ತು ನೆಟ್ಟರೆ ಸುಧಾರಿಸಿಕೊಳ್ಳುವಷ್ಟರಲ್ಲಿ ಹೂ ಬಿಡುವ ಕಾಲ ಬಂದಿರುತ್ತದಂತೆ.

"ಅದು ಸಿಟ್ಟಿಗೇಳ್ತದವಾ," ಎನ್ನುತ್ತಾರೆ. ಅಕ್ಕನ ಸಿಟ್ಟಿಗೆ ಅವರು ಇಷ್ಟು ಹೆದರಿದ್ದನ್ನು ನಾನಂತೂ ಕಂಡಿಲ್ಲ.

ಪುಂಡಿ ಎಲೆ ನೋಡಿದ್ದೀರಾ? ಥೇಟ್ ಗಾಂಜಾ! ಎದುರುಮನೆಯ ಅಜ್ಜಿ ಕಂಡು ಗಾಬರಿಯಾಗಿ ಠಾಣೆಗೆ ತಿಳಿಸಿದರು. "ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಇಬ್ಬರು ಪೊಲೀಸರು ಬೂಟು ಬಿಚ್ಚಿ ಒಳಗೆ ಬಂದರು. ಪಟ ಹಿಡಿದು ಹೋಲಿಸಿ, ಗಾಂಜಾ ಅಲ್ಲವೆಂದು ಖಾತ್ರಿ ಮಾಡಿಕೊಂಡರು. ಭಾವ ಬಿಡಬೇಕಲ್ಲ! ಕಿರಿಯ ಪೊಲೀಸನ ಕೈಗೊಂದು ಎಲೆ ಕೊಟ್ಟು ತಿನ್ನಿಸಿದರು. ಹುಳಿಗೆ ಪಾಪ, ಅವನ ಎರಡು ಕಣ್ಣೂ ಮುಚ್ಚಿಹೋದವು.

"ಅಜ್ಜಿಗೆ ಭಯ. ಕಿತ್ತು ಸಣ್ಣ ಕುಂಡಗಳಲ್ಲಿ ನೆಟ್ಟು ಒಳಗಿಡಬಹುದಲ್ಲವೇ?" ಎಂದು ಹಿರಿಯವರು ವಿನಯದಿಂದಲೇ ಕೇಳಿದರು.

ಭಾವ ಸೊಂಟ ಬಗ್ಗಿಸಿ ನಮಸ್ಕರಿಸಿ, "ಬೇಕಾದರೆ ನಾನು ಠಾಣೆಗೆ ಬರುತ್ತೇನೆ, ಗಿಡ ಬರುವುದಿಲ್ಲ!" ಎಂದರಂತೆ.

ಮರುದಿನ ಅಜ್ಜಿಗೊಂದು ಡಬ್ಬಿ ಪುಂಡಿಪಲ್ಯ ಹೋಯಿತು. ಡಬ್ಬಿ ತುಂಬ ಮೂಲಂಗಿ ಉಪ್ಪಿನಕಾಯಿ ವಾಪಸು ಬಂತು.

ಅಷ್ಟರಲ್ಲಿ ಭಾವನಿಗೆ ಯೋಕೋಹಾಮಾದಲ್ಲಿ ಹೊಸ ಕೆಲಸ ಸಿಕ್ಕಿತು. ನಾನಿರುವುದೂ ಅಲ್ಲೇ! ಕುಣಿದಾಡಿಬಿಟ್ಟೆ. ನಮ್ಮ ಬೀದಿಯಲ್ಲೇ ಮನೆ ಹುಡುಕಿ, ಅದರ ಫೋಟೋ ಹಿಡಿದು ವಾಕೋಗೆ ಓಡಿದೆ. ಎಲ್ಲರೂ ಊಟಕ್ಕೆ ಕೂತಿದ್ದರು. ಅಕ್ಕನ ಮಗಳೂ ಇದ್ದಳು.

"ಮನಿ ಬದಲಿ ಮಾಡೂದು ಬ್ಯಾಡ. ನಾ ದಿನಾ ಟ್ರೇನಿನಾಗ ಹೋಗಿ ಬರ್ತೀನಿ," ಎಂದರು ಭಾವ.

"ದಿನಾ ಮೂರು ಗಂಟೆ ಟ್ರೈನಲ್ಲಾ? ಯಾಕೆ ಭಾವ, ಪುಂಡಿಗೋಸ್ಕರಾನಾ?"

"ಹೌದು, ಪುಂಡಿ ಸಲುವಾಗಿ."

ಇಂಥವರಿಗೆ ಏನು ಹೇಳುತ್ತೀರಿ? ಎರಡು ತಿಂಗಳು ನಾನು ಆ ಮಹಾರಾಯರೊಡನೆ ಮಾತು ಬಿಟ್ಟೆ.

ಚಳಿ ಶುರುವಾಯಿತು, ಪುಂಡಿಯ ಕಾಲ ಮುಗಿಯಿತು. ಒಂದು ಗುರುವಾರ ಮಧ್ಯಾಹ್ನ, ಭಾವ ರಜೆಯಲ್ಲಿದ್ದಾರೆಂದು ತಿಳಿದು, ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ಟಬ್ಬು ಖಾಲಿ! "ಈಗೇನು ನೆಪ ಭಾವ?" ಎಂದೆ.

ಅವರು ಬಾಯಿಗೆ ಬೆರಳಿಟ್ಟು ಕೆಳಗೆ ತೋರಿಸಿದರು. ಅಕ್ಕನ ಮಗಳು ಶಾಲೆಯಿಂದ ಬಂದಿದ್ದಳು. ಬೆಂಗಳೂರಿಂದ ಬಂದ ಮೇಲೆ ಒಂದಿಡೀ ವರ್ಷ ತರಗತಿಯಲ್ಲಿ ತುಟಿ ಬಿಚ್ಚದಿದ್ದ ಹುಡುಗಿ, ಗೇಟಿನ ಹತ್ತಿರ ಒಬ್ಬ ಜಪಾನಿ ಹುಡುಗಿಯ ಜೊತೆ ಬಿದ್ದು ಬಿದ್ದು ನಗುತ್ತಿದ್ದಳು. "ಮಾತಾ ಆಶ್ತಾ!" ಎಂದು ಕೂಗಿ ಕೈಬೀಸಿದಳು. ನಾಳೆ ಸಿಗೋಣ ಅಂತ.

"ನಮ್ಮ ಕೂಸಿಗಿರೋಳು ಅಕಿ ಒಬ್ಬಾಕಿನೇ ಗೆಳತಿ," ಎಂದರು ಭಾವ ಮೆಲ್ಲಗೆ. "ಅವತ್ತು ಕೂಸು ಊಟಕ್ಕ ಕುಂತಿತ್ತಲ್ಲ. ಅದರ ಸಲುವಾಗೇ ಅಂತ ಅದರ ಮುಂದ ಹ್ಯಾಂಗ ಹೇಳ್ಲಿ? ಪುಂಡಿ ಮ್ಯಾಲೆ ಹಾಕಿದೆ."

ಅಕ್ಕನಿಗೆ ಮೊದಲೇ ಗೊತ್ತಿತ್ತಂತೆ. ಎರಡು ತಿಂಗಳ ನನ್ನ ಸಿಟ್ಟು ನೆನೆದು ನಾಚಿಕೆಯಾಯಿತು, ಕಣ್ಣೂ ತುಂಬಿತು.

ಹುಡುಗಿ ಮೇಲೆ ಬಂದು ನನ್ನನ್ನೂ ಖಾಲಿ ಟಬ್ಬನ್ನೂ ನೋಡಿದವಳೇ ಮುಖ ಸಣ್ಣ ಮಾಡಿದಳು. "ಚಿಕ್ಕಮ್ಮ, ಪುಂಡಿ ಫಿನಿಶ್ ಆಯ್ತು. ಈಗ ನಾವು ಮೂವ್ ಆಗ್ಬೇಕಾ?"

"ಎಲ್ಲಾದ್ರೂ ಉಂಟಾ ಪುಟ್ಟಿ!" ಎಂದೆ. "ನಿಮ್ಮಪ್ಪ ಬೀಜ ತೆಗೆದಿಟ್ಟಿದ್ದಾರೆ. ಇಲ್ಲೇ ಬಿತ್ತಬೇಕಲ್ಲ."