ರೇಡಿಯೋಗಳಿಗೆ ಸೂಜಿ ಹಾಕುವ ನಮ್ಮ ಕಾಕಾ

ನಮ್ಮ ಕಾಕಾ ರಿಪೇರಿ ಮಾಡಿದ ರೇಡಿಯೋಗಳಲ್ಲಿ ಇದುವರೆಗೆ ಒಂದೂ ಬಾಯಿ ಬಿಟ್ಟಿಲ್ಲ! ಹಾಗೆಂದು ಅವರಿಗೆ ಕೆಲಸ ಬರುವುದಿಲ್ಲ ಎಂದು ಯಾರಾದರೂ ಅಂದುಕೊಂಡರೆ ಅದು ಅಂದುಕೊಂಡವರ ಹಣೆಬರಹ. ಕಾಕಾ ಕೈ ಹಾಕುವುದು ಹಳೆಯ ರೇಡಿಯೋಗಳ ಕಟ್ಟಿಗೆ ಪೆಟ್ಟಿಗೆಗೆ ಮಾತ್ರ. ಒಳಗಿನ ತಂತಿ, ಗಾಜಿನ ಬುರುಡೆ, ಸ್ಪೀಕರು ಇವೆಲ್ಲ ಅವರ ಲೆಕ್ಕದಲ್ಲಿ ಕಸ. ಯಾರಾದರೂ ರೇಡಿಯೋ ತಂದರೆ ಮೊದಲು ಅದರ ಹೊಟ್ಟೆ ಬಿಚ್ಚಿ, ಇದ್ದಬದ್ದದ್ದನ್ನೆಲ್ಲ ಒಂದು ಅರಿವೆಯಲ್ಲಿ ಗಂಟು ಕಟ್ಟಿ ತಂದವರ ಕೈಗೇ ಕೊಡುತ್ತಾರೆ.

"ಇವನ್ನ ನೀವ ಇಟ್ಕೊರ್ರಿ. ನಮ್ಮಲ್ಲಿ ಇಲಿ ಭಾಳ."

"ಅಲ್ರೀ, ಇದು ಹಾಡಬೇಕಲ್ರಿ?"

"ಹಾಡಾಕ ನಿಮ್ಮ ಕಿಸೇದಾಗ ಮೊಬೈಲ್ ಐತೆಲ್ಲ! ಇದು ಸುಮ್ನ ಕುಂದರಲಿ. ಇಷ್ಟು ವರ್ಷ ಮಾತಾಡಿ ದಣದೈತಿ."

ಇಂಥ ಕಾಕಾ ತಮ್ಮ ಕೆಲಸದಲ್ಲಿ ಒಂದೇ ಒಂದು ಸಲ ಸೋತರು. ಸವಣೂರಿನ ಕಣ್ಣು ಕಾಣದ ಒಬ್ಬ ಮುದುಕಿಯ ರೇಡಿಯೋ ಅವರನ್ನು ಸೋಲಿಸಿತು. ಅದನ್ನು ಹೇಳಬೇಕೆಂದೇ ಕುಳಿತಿದ್ದೇನೆ. ಆದರೆ ಮನುಷ್ಯ ಎಂಥವರೆಂದು ತಿಳಿಯದೆ ಅವರ ಸೋಲು ಎಷ್ಟು ದೊಡ್ಡದೆಂದು ನಿಮಗೆ ಹೇಗೆ ತಿಳಿಯಬೇಕು?

ಕಾಕಾ ಶಿಗ್ಗಾವಿಯವರು. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಹಾನಗಲ್ಲು, ಸವಣೂರು, ಹಿರೇಕೆರೂರು ಎಂದು ಸರಕಾರ ಕುಣಿಸಿದಲ್ಲೆಲ್ಲ ಕುಣಿದು, ಊರೂರು ತಿರುಗಿ ಎಮ್ಮೆಗಳಿಗೆ ಸೂಜಿ ಹಾಕಿದವರು. ಎಮ್ಮೆ ಹಿತ್ತಲಲ್ಲಿದ್ದರೂ ಹಿತ್ತಲಿಗೆ ಹೋಗುವ ದಾರಿ ಪಡಸಾಲೆಯ ಮೇಲೆಯೇ ತಾನೆ? ಪಡಸಾಲೆಯ ಗೂಡಿನಲ್ಲಿ ರೇಡಿಯೋ ಇದ್ದರೆ ಮುಗಿಯಿತು, ಎಮ್ಮೆ ಅರ್ಧ ತಾಸು ಕಾಯಬೇಕಾಗುತ್ತಿತ್ತು. ಇವತ್ತಿಗೂ ಆಡೂರಿನ ಯಾವುದೋ ಮನೆಯ ಮಾತು ಬಂದರೆ ಅವರಿಗೆ ಮನೆಯವರ ಹೆಸರು ನೆನಪಾಗುವುದಿಲ್ಲ. "ಹಾಂ, ಆ ಸಾಗವಾನಿ ಪೆಟಗೀನವರು! ಬಲಕ್ಕ ಒಂದು ಸೀಳು ಐತಿ ನೋಡು, ಅವರು" ಎನ್ನುತ್ತಾರೆ.

ನಿವೃತ್ತಿಯಾದ ಮೇಲೆ ಸರಕಾರ ಅವರನ್ನು ಬಿಟ್ಟಿತು, ಅವರು ಸೂಜಿಯನ್ನು ಬಿಡಲಿಲ್ಲ. ಕಟ್ಟಿಗೆಗೆ ಹುಳ ಬಿದ್ದರೆ ಎಳ್ಳುಕಾಳಿಗಿಂತ ಸಣ್ಣ ತೂತುಗಳಾಗುತ್ತವೆ. ಕಾಕಾ ಎಮ್ಮೆಯ ಸಿರಿಂಜಿಗೆ ಔಷಧ ತುಂಬಿಕೊಂಡು ಒಂದೊಂದೇ ತೂತಿಗೆ ಸೂಜಿ ಚುಚ್ಚುತ್ತಾರೆ. ಎಡಗೈಯಿಂದ ರೇಡಿಯೋದ ಬೆನ್ನು ತಟ್ಟುತ್ತ, "ಹೋ... ಹೋ... ಆತು, ಆತು, ಅಂಜಬ್ಯಾಡ" ಎನ್ನುವುದೂ ಉಂಟು! ಮೊದಲ ಸಲ ನೋಡಿದಾಗ ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಹತ್ತಿರ ಹೋಗಿ ನೋಡಿದೆ. ನೂರಕ್ಕೆ ಕಡಿಮೆ ಇಲ್ಲದಷ್ಟು ತೂತುಗಳಿಗೆ ಔಷಧ ಹೋಗಿತ್ತು, ಹೊರಗೆ ಒಂದು ಹನಿ ಬಿದ್ದಿರಲಿಲ್ಲ. ಎಪ್ಪತ್ತು ದಾಟಿದ ಕೈ! ಪೇಟೆಯ ದವಾಖಾನೆಯಲ್ಲಿ ನನಗೆ ಸೂಜಿ ಹಾಕಿದವರು ನರ ಸಿಗದೆ ಮೂರು ಕಡೆ ಚುಚ್ಚಿದ್ದು ನೆನಪಾಯಿತು. ಆವತ್ತಿನಿಂದ ನಾನು ಕಾಕಾನ ಮುಂದೆ ನಗುವುದನ್ನು ಕಡಿಮೆ ಮಾಡಿದ್ದೇನೆ.

ಹುಳದ ಕಾಟ ಮುಗಿದರೆ ಪಾಲಿಶಿನ ಕಾಟ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹಳೆಯ ಅರಿವೆಯ ಉಂಡೆಗೆ ಹಚ್ಚಿಕೊಂಡು, ಸುತ್ತಿ ಸುತ್ತಿ ತಿಕ್ಕಬೇಕು. ಒಣಗಬೇಕು. ಮತ್ತೆ ತಿಕ್ಕಬೇಕು. "ಇನ್ನ ಎಷ್ಟು ಸರತೀರಿ ಕಾಕಾ?" ಎಂದು ಕೇಳಿದರೆ, "ನಿನ್ನ ಮಾರಿ ಒಳಗಿಂದ ನಿನ್ನ ನೋಡಬೇಕು, ಅಲ್ಲೀತನಕ" ಎನ್ನುತ್ತಾರೆ. ಅರಗಿಗೆ ಹಸಿ ಗಾಳಿ ತಗುಲಿದರೆ ಬೆಳ್ಳಗೆ ಮಂಜು ಕಟ್ಟುತ್ತದಂತೆ. ಹೀಗಾಗಿ ಪಾಲಿಶಿನ ದಿನ ಮನೆಯಲ್ಲಿ ಕರ್ಫ್ಯೂ! ಫ್ಯಾನು ಹಾಕುವಂತಿಲ್ಲ, ಕಸ ಹೊಡೆಯುವಂತಿಲ್ಲ. ಒಂದು ಸಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಚಿಗವ್ವನಿಗೆ ಅಪ್ಪಣೆ ಕೊಟ್ಟರು.

"ಇವತ್ತ ಅನ್ನ ಬ್ಯಾಡ. ಹಬಿ ಆಗತೈತಿ. ರೊಟ್ಟಿ ಸಾಕು."

"ರೊಟ್ಟಿ ಹಿಟ್ಟಿಗೆ ನೀರು ಕುದಸಬೇಕಲ್ರಿ? ಅದರ ಹಬಿ ಏನು ನಿಮ್ಮ ಮಾತು ಕೇಳತೈತೇನು?"

ಕಾಕಾ ಗಂಭೀರವಾಗಿ ಯೋಚಿಸಿದರು. "ಹಂಗಾರ ಚುರುಮುರಿ ತಿನ್ನೋಣ."

"ಹೂಂ ತಿನ್ರಿ! ಲಗ್ನದಾಗ ನಮ್ಮಪ್ಪ ವರ ನೋಡಿದ್ನೇ ಹೊರತು ಪೆಟಗಿ ನೋಡಿರಲಿಲ್ಲ" ಎಂದಳು ಚಿಗವ್ವ. ಆದರೂ ಆವತ್ತು ಆ ಮನೆಯಲ್ಲಿ ಮೂರು ಹೊತ್ತೂ ಚುರುಮುರಿಯೇ. ನಾನು ಊಟದ ಆಸೆಯಿಂದ ಹೋಗಿದ್ದವನು, ಸಾಕ್ಷಿಗೆ ಇದ್ದೇನೆ.

ಇವರನ್ನು ನಂಬಿ ನನ್ನ ಹಿರಿಯರು ನನಗೆ ಹೆಣ್ಣು ನೋಡಲು ಹಿರೇಬೆಂಡಿಗೇರಿಗೆ ಕರೆದುಕೊಂಡು ಹೋಗಿದ್ದರು! ಹುಡುಗಿ ಒಗ್ಗರಣೆ ಹಾಕಿದ ಚುರುಮುರಿ ಸೂಸಲದ ತಾಟು ಹಿಡಿದು ಬಂದಳು. ಹಿರಿಯರಾದ ಕಾಕಾ ಹೆಸರು ಕೇಳಬೇಕು, ಎಷ್ಟು ಓದಿದ್ದೀಯವ್ವಾ ಎನ್ನಬೇಕು. ಅವರ ಕಣ್ಣು ಗೂಡಿನಲ್ಲಿದ್ದ ರೇಡಿಯೋದ ಮೇಲೆ. ಅದರ ಮೇಲೊಂದು ಉಪ್ಪಿನಕಾಯಿ ಭರಣಿ! ಕಾಕಾನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಭರಣಿಯನ್ನು ಎರಡೂ ಕೈಯಿಂದ ಎತ್ತಿ ಕೆಳಗಿಟ್ಟು, ಎಣ್ಣೆಯ ಕಲೆಯನ್ನು ತಮ್ಮ ಧೋತರದ ಚುಂಗಿನಿಂದ ಒರೆಸತೊಡಗಿದರು. ಬೀಗರು ಪಾಪ, ಇವರಿಗೆ ಉಪ್ಪಿನಕಾಯಿಯ ಮೇಲೆ ಮನಸ್ಸಾಗಿದೆ ಎಂದು ತಿಳಿದು ಎಲ್ಲರ ತಾಟಿಗೂ ಎರಡೆರಡು ಹೋಳು ಹಾಕಿಸಿದರು. ತಿರುಗಿ ಬರುವಾಗ ನಮ್ಮವ್ವ ಆಸೆಯಿಂದ ಕೇಳಿದಳು.

"ಏನನಸ್ತು? ನಮ್ಮ ಮನೀಗೆ ಹೊಂದತೈತೇನ್ರಿ?"

"ಮೈಕಟ್ಟು ಛಲೋ ಐತಿ. ಕೆಳಗ ಒಂಚೂರು ಗೆದ್ದಲು ಹತ್ತೈತಿ ಅಷ್ಟ" ಎಂದರು ಕಾಕಾ.

ಅವ್ವ ಶಿಗ್ಗಾವಿ ಬರುವ ತನಕ ಅವರ ಜೊತೆ ಮಾತು ಬಿಟ್ಟಿದ್ದಳು. ಆ ಹುಡುಗಿಯೇ ಈಗ ನನ್ನ ಹೆಂಡತಿ. ನಾನು ಏನಾದರೂ ಹೆಚ್ಚು ಮಾತಾಡಿದರೆ, "ಗೆದ್ದಲು ಹತ್ತಿದ್ದು ಗೊತ್ತಿದ್ದ ತಂದೀರಿ" ಎಂದು ಬಾಯಿ ಮುಚ್ಚಿಸುತ್ತಾಳೆ.

ಈಗ ಸವಣೂರಿಗೆ ಬರೋಣ. ಒಂದು ದಿನ ಅಲ್ಲಿಯ ವೀಳ್ಯದೆಲೆ ವ್ಯಾಪಾರಿಯೊಬ್ಬರು ಕೌದಿಯಲ್ಲಿ ಸುತ್ತಿದ ರೇಡಿಯೋವನ್ನು ಕೂಸನ್ನು ತಂದಂತೆ ಎದೆಗೆ ಅವಚಿಕೊಂಡು ತಂದರು. ಅದು ಅವರ ತಾಯಿಯದು. ಮನೆಯವರೆಲ್ಲ ಅಮ್ಮೀಜಾನ್ ಎನ್ನುತ್ತಾರೆ, ನಾನೂ ಹಾಗೆಯೇ ಎನ್ನುತ್ತೇನೆ. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ತಿಂದುಹಾಕಿತ್ತು. ಗಂಡ ತೀರಿಕೊಂಡು ಆರು ವರ್ಷ.

"ಇದು ಬಂದ್ ಬಿದ್ದು ಜಮಾನಾ ಆತ್ರಿ" ಎಂದರು ವ್ಯಾಪಾರಿ. "ಆದ್ರ ಅಮ್ಮೀ ದಿನಾ ಸಂಜೀಕ ಇದರ ಬಾಜೂಕ ಕುಂತು ಕೈ ಆಡಸ್ತಾಳ. ಮಳಿಗಾಲದಾಗ ಗ್ವಾಡಿ ಸೋರಿ ಕಟ್ಟಿಗಿ ಉಬ್ಬೇತಿ, ಸಿಬರು ಎದ್ದು ಬೆರಳಿಗೆ ಚುಚ್ಚತಾವು. ಬ್ಯಾಡ ಅಂದ್ರ ಕೇಳೂದಿಲ್ಲ. ಸಕ್ಕರಿ ಕಾಯಿಲೆ ನೋಡ್ರಿ, ಗಾಯ ಮಾಯೂದಿಲ್ಲ."

ಕಾಕಾ ಆ ರೇಡಿಯೋದ ಒಳಗಿನದನ್ನು ಗಂಟು ಕಟ್ಟಿ ಕೊಟ್ಟು ಕಳಿಸಿ, ಎರಡು ತಿಂಗಳು ಪೆಟ್ಟಿಗೆಯ ಸೇವೆ ಮಾಡಿದರು. ಉಬ್ಬಿದ್ದನ್ನು ಒತ್ತಿ ಕೂರಿಸಿದರು, ಸಿಬಿರು ತೆಗೆದರು. ಮೇಲ್ಭಾಗದ ಎಡ ಮೂಲೆಯಲ್ಲಿ ಸಣ್ಣ ಸಣ್ಣ ಕುಳಿಗಳ ಗುಂಪೇ ಇತ್ತು. "ಯಾವ ಪುಣ್ಯಾತ್ಮ ಇದರ ಮ್ಯಾಲೆ ಮೊಳಿ ಬಡದಾನ?" ಎಂದು ಬೈಯುತ್ತ ಪ್ರತಿಯೊಂದಕ್ಕೂ ಅರಗಿನಲ್ಲಿ ಕಟ್ಟಿಗೆಯ ಹಿಟ್ಟು ಕಲಸಿ ತುಂಬಿ, ಬಣ್ಣಕ್ಕೆ ಬಣ್ಣ ಕೂಡಿಸಿ, ತಿಕ್ಕಿದರು. ಮುಗಿದಾಗ ನಾನು ನೋಡಿದೆ. ನಿಜಕ್ಕೂ ನನ್ನ ಮುಖ ಒಳಗಿನಿಂದ ನನ್ನನ್ನು ನೋಡುತ್ತಿತ್ತು. ಅಷ್ಟು ಚೆಂದದ ಕೆಲಸವನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಕಾಕಾನನ್ನೂ ರೇಡಿಯೋವನ್ನೂ ನನ್ನ ಕಾರಿನಲ್ಲಿ ಕೂರಿಸಿಕೊಂಡು ಸವಣೂರಿಗೆ ಹೋದೆ. ಆ ಮನೆಯ ಸೊಸೆಯಂದಿರು, ನೆರೆಯವರು ಎಲ್ಲ ನೆರೆದು ಬಾಯಿ ಬಾಯಿ ಬಿಟ್ಟು ನೋಡಿದರು. ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು ಬೀಗುತ್ತಿದ್ದರು. ಅಮ್ಮೀಜಾನರನ್ನು ತಂದು ಕೂರಿಸಿದರು. ಅವರ ಬೆರಳು ಬದಿಯಿಂದ ಮೇಲಕ್ಕೆ ಹರಿದು ಎಡ ಮೂಲೆಗೆ ಬಂದು ನಿಂತಿತು. ಏನನ್ನೋ ಹುಡುಕಿತು. ಹಿಂದಕ್ಕೆ ಹೋಗಿ ಮತ್ತೆ ಬಂದಿತು.

"ಬೇಟಾ, ನಮ್ಮದು ಎಲ್ಲೈತಿ?"

"ಇದ ಐತಲ್ಲ ಅಮ್ಮೀ."

"ಅಲ್ಲ, ಇದು ಯಾರದೋ ಹೊಸಾದು. ನಮ್ಮದು ಗಾಡ್ಯಾಗ ಉಳದೈತೇನು, ಒಳಗ ತರ್ರಿ." ಕಾಕಾ ಇದ್ದ ಕಡೆಗೆ ಮುಖ ತಿರುಗಿಸಿ ಬಹಳ ಮರ್ಯಾದೆಯಿಂದ ಹೇಳಿದರು. "ಅವಸರ ಇಲ್ರಿ. ಚಾ ಕುಡೀರಿ, ಆಮ್ಯಾಲೆ ಕೊಡ್ರಿ."

ಮಗ ನಮ್ಮನ್ನು ಅಂಗಳಕ್ಕೆ ಕರೆದು ಮೆಲ್ಲಗೆ ಹೇಳಿದರು. "ತೀರಿಹೋದ ನಮ್ಮ ಅಬ್ಬಾ ಅದರ ಮ್ಯಾಲೆ ಕೈ ಇಟ್ಟು ಉಂಗುರದ್ಲೆ ಬಡೀತಿದ್ರು. ಬಾತ್ಮಿ ಕೇಳುವಾಗ ಸಾವಕಾಶ, ಕ್ರಿಕೆಟ್‌ನ್ಯಾಗ ನಮ್ಮ ವಿಕೆಟ್ ಬಿದ್ರ ಜೋರ. ಅದರ ಗುರ್ತ ಇದ್ದೂವು ಅಲ್ಲಿ. ನನಗೂ ಲಕ್ಷ್ಯಕ್ಕ ಬರಲಿಲ್ರಿ. ಇರಲಿ ಬಿಡ್ರಿ, ಕಾಮ್ ಭಾಳ ಛಲೋ ಆಗೇತಿ."

ಕಾಕಾ ಚಹಾ ಕುಡಿಯಲಿಲ್ಲ. ರೇಡಿಯೋವನ್ನು ಎತ್ತಿಕೊಂಡು ಕಾರಿನಲ್ಲಿ ಕುಳಿತರು. ಶಿಗ್ಗಾವಿ ಕಾಣುವ ತನಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಆ ಎಡ ಮೂಲೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಆಮೇಲೆ ಇಷ್ಟೇ ಅಂದರು.

"ಆರಾಮ ಇದ್ದ ದನಕ್ಕ ಸೂಜಿ ಹಾಕಿದೆನಲೋ ತಮ್ಮಾ."

ಮರುದಿನದಿಂದ ನಮ್ಮ ಕಾಕಾ, ಜೀವಮಾನವೆಲ್ಲ ಗಾಯ ಮುಚ್ಚಿದವರು, ಮುಚ್ಚಿದ ಗಾಯಗಳನ್ನು ಬಿಚ್ಚಲು ಕುಳಿತರು. ತಮಾಷೆ ನೋಡಿ, ಅವು ಅವರಿಗೇ ಸಿಗಲೊಲ್ಲವು! ಅಷ್ಟು ಚೆನ್ನಾಗಿ ಮುಚ್ಚಿದ್ದರು. ಭೂತಗನ್ನಡಿ ಹಿಡಿದರು, ಬಿಸಿಲಿಗೆ ಓರೆಯಾಗಿ ಹಿಡಿದರು, ಇಲ್ಲ. ಕೊನೆಗೆ ಸ್ಪಿರಿಟ್ಟನ್ನೇ ಕೈಗೆತ್ತಿಕೊಂಡರು. ಸ್ಪಿರಿಟ್ಟು ಬಿದ್ದರೆ ತುಂಬಿದ ಅರಗು ಮೆತ್ತಗಾಗುತ್ತದೆ, ಸೂಜಿ ಇಳಿಯುತ್ತದೆ. ಗಟ್ಟಿ ಕಟ್ಟಿಗೆಯಾದರೆ ಇಳಿಯುವುದಿಲ್ಲ. ಆದರೆ ಸ್ಪಿರಿಟ್ಟು ಮೇಲಿನ ಪಾಲಿಶನ್ನೂ ತಿನ್ನುತ್ತದೆ. ಎರಡು ತಿಂಗಳ ಹೊಳಪನ್ನು ಕಾಕಾ ತಮ್ಮ ಕೈಯಿಂದಲೇ ಒರೆಸಿದರು. ಚಿಗವ್ವ ಫ್ಯಾನು ಆರಿಸಿ, ಯಾರೂ ಕೇಳದಿದ್ದರೂ ಚುರುಮುರಿಯ ಬುಟ್ಟಿ ತಂದಿಟ್ಟಳು.

ಒಂದೊಂದು ಕುಳಿಯ ಒಳಗಿನದನ್ನು ಸೂಜಿಯ ಮೊನೆಯಿಂದ ಕೆದಕಿ ತೆಗೆಯಬೇಕು, ಕಟ್ಟಿಗೆಗೆ ಗೀರು ಬೀಳಬಾರದು. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಆಳವಾದದ್ದು ಸಿಕ್ಕರೆ, "ಇದು ವಿಕೆಟ್" ಎನ್ನುತ್ತಿದ್ದರು. ಹಗುರವಾದದ್ದಕ್ಕೆ, "ಬಾತ್ಮಿ." ಮೂರು ವಾರ ಕಳೆಯಿತು. ತುಂಬುವಾಗ ಎಣಿಸಿದ್ದ ಲೆಕ್ಕಕ್ಕೆ ಒಂದು ಕಡಿಮೆ. ಆ ಕುಳಿ ಎಲ್ಲಿತ್ತೆಂದು ಎಷ್ಟು ಹುಡುಕಿದರೂ ತಿಳಿಯದೆ ಎರಡು ದಿನ ಊಟ ಸೇರಲಿಲ್ಲ ಅವರಿಗೆ. ನಾನು ಬುದ್ಧಿವಂತಿಕೆ ತೋರಿಸಲು ಹೋದೆ.

"ಅಂದಾಜ ಮ್ಯಾಲೆ ಒಂದು ಬಡದ ಬಿಡ್ರಿ ಕಾಕಾ. ಪಾಪ, ಕಣ್ಣು ಕಾಣೂದಿಲ್ಲ, ಅವರಿಗೇನು ಗೊತ್ತಾಗತೈತಿ?"

ಕಾಕಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಆ ಉಂಗುರ ನಾ ಹಾಕ್ಕೊಂಡಿದ್ನೇನು?"

ನಾನು ಭೂತಗನ್ನಡಿ ಒರೆಸಿ ಅವರ ಕೈಗೆ ಕೊಟ್ಟೆ. ಮೂರನೆಯ ದಿನ ಆ ಕುಳಿ ಸಿಕ್ಕಿತು.

ಮತ್ತೆ ಸವಣೂರು. ಈ ಸಲ ನೆರೆಯವರು ಯಾರೂ ಬರಲಿಲ್ಲ. ಬಂದಿದ್ದರೂ ನೋಡುವಂಥದ್ದು ಏನಿತ್ತು? ಮೇಲಿನ ಮೂಲೆಯ ಹೊಳಪು ಹೋಗಿ ಮಾಸಿದ ಪೆಟ್ಟಿಗೆ. ಕಾಕಾ ಅದನ್ನು ಅಮ್ಮೀಜಾನರ ಮಂಚದ ಪಕ್ಕದ ಹಲಗೆಯ ಮೇಲಿಟ್ಟು, ದೂರದ ಕುರ್ಚಿಯ ತುದಿಯಲ್ಲಿ ಕುಳಿತರು.

ಅಮ್ಮೀಜಾನರ ಬೆರಳು ಬದಿಯಿಂದ ಮೇಲಕ್ಕೆ ಬಂತು. ಸಿಬಿರು ಇರಲಿಲ್ಲ. ಎಡ ಮೂಲೆಗೆ ಬಂತು, ನಿಂತಿತು. ಒಂದು ಕುಳಿಯೊಳಗೆ ಬೆರಳ ತುದಿ ಇಳಿಯಿತು, ಪಕ್ಕದ್ದರೊಳಗೆ ಇಳಿಯಿತು, ಹಾಗೆಯೇ ಮುಂದೆ ಹೋಯಿತು. ಅಮ್ಮೀಜಾನ್ ಇನ್ನೊಂದು ಕೈಯಿಂದ ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಮಂಚದ ಮೇಲೆ ಸ್ವಲ್ಪ ಸರಿದು ಒಬ್ಬರು ಕೂರುವಷ್ಟು ಜಾಗ ಬಿಟ್ಟರು. ಒಳಗಿದ್ದ ಸೊಸೆಗೆ ಮೆಲ್ಲಗೆ, "ಚಾ ಇಡವಾ" ಎಂದರು.

ಕಾಕಾನ ಕಡೆ ನೋಡಿದೆ. ಅವರು ಟೊಪ್ಪಿಗೆ ಸರಿಮಾಡಿಕೊಂಡು ಕುರ್ಚಿಯಿಂದ ಎದ್ದು ನಿಂತಿದ್ದರು, ಕೈ ಮುಗಿದುಕೊಂಡು. ಆ ಉಂಗುರ ತೊಟ್ಟ ಯಜಮಾನರು ಮನೆಯೊಳಗೆ ಬಂದಾಗ ಕುಳಿತೇ ಇರುವುದಕ್ಕೆ ಆಗುತ್ತದೆಯೇ? ನಾನೂ ಎದ್ದೆ.