ದರ್ಜಿ ಅಳತೆಯ ಸೈಕಲ್ಲು

ನಮ್ಮ ಸೋದರಮಾವನ ಸೈಕಲ್ಲಿಗೆ ಅಳತೆ ತೆಗೆದವನು ನಮ್ಮೂರು ಕೊಳ್ಳೇಗಾಲದ ಒಬ್ಬ ದರ್ಜಿ. ನಂಬದವರು ಬಿಡಿ. ನಾನೂ ಆಧಾರವಿಲ್ಲದೆ ಏನನ್ನೂ ನಂಬುವವಳಲ್ಲ. ಮೂರು ವರ್ಷದಿಂದ ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜಿನ ಪರವಾಗಿ ಚರ್ಚಾಸ್ಪರ್ಧೆಗಳಲ್ಲಿ ಜಗಳವಾಡುವುದೇ ನನ್ನ ವ್ಯಾಸಂಗ. ಆದರೆ ಇದಕ್ಕೆ ನಾನೇ ಕಣ್ಣಾರೆ ಕಂಡ ಸಾಕ್ಷಿ.

ಮಾವನ ಮನೆ ಹನೂರಿನಲ್ಲಿ, ಮೇಷ್ಟ್ರ ಕೆಲಸ ಆರೇಳು ಮೈಲಿ ಆಚೆಯ ಅಜ್ಜೀಪುರದಲ್ಲಿ. ನಡುವೆ ಒಂದು ಬಸ್ಸು. ಅದು ತನಗೆ ತೋಚಿದಾಗ ಬರುತ್ತಿತ್ತು. ಅಮಾವಾಸ್ಯೆ ಹತ್ತಿರವಾದರೆ ಮಾದಪ್ಪನ ಬೆಟ್ಟಕ್ಕೆ ಹೋಗುವವರಿಂದಲೇ ತುಂಬಿಕೊಂಡು ನಿಲ್ಲದೆ ಹೋಗುತ್ತಿತ್ತು. ಅಜ್ಜೀಪುರದ ಹೆಡ್ಮಾಸ್ತರರಿಗೋ, ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುವುದೆಂದರೆ ಊಟಕ್ಕಿಂತ ರುಚಿ. ತಡವಾಗಿ ಬಂದದ್ದಕ್ಕೆ ಒಂದು ಗೆರೆ. ಮೂರು ಗೆರೆಯಾದರೆ ಒಂದು ಸಿ.ಎಲ್. ರಜಾ ಖೋತಾ.

ರಜಾ ಎಂದರೆ ಮಾವನಿಗೆ ಪ್ರಾಣ. ಬೇರೆ ಮೇಷ್ಟ್ರುಗಳು ಮದುವೆಗೆ, ತಿಥಿಗೆ, ಸುಮ್ಮನೆ ಮಲಗುವುದಕ್ಕೂ ರಜಾ ಹಾಕುತ್ತಿದ್ದರು. ಈತ ಜ್ವರ ಬಂದರೆ ಕಂಬಳಿ ಹೊದ್ದು ಹೋಗಿ ಮಗ್ಗಿ ಹೇಳಿಸುತ್ತಿದ್ದ.

"ವರ್ಷ ಮುಗಿದ್ರೆ ಉಳಿದಿದ್ದೆಲ್ಲ ರದ್ದಾಗುತ್ತೆ ಮಾವ. ಕೂಡಿಟ್ಟು ಏನು ಸಾಧಿಸ್ತೀಯ?" ಎಂದು ನಾನು ತರ್ಕ ಹೂಡಿದರೆ, "ಬೇಕಾಯ್ತದೆ ಕಣವ್ವಾ, ಮಡಿಕ್ಕಂಡಿವ್ನಿ" ಎನ್ನುತ್ತಿದ್ದ. ಇದು ವಾದವೇ? ನೀವೇ ಹೇಳಿ.

ಗೆರೆಗಳ ಕಾಟ ತಡೆಯಲಾರದೆ ಸೈಕಲ್ಲು ಮಾಡಿಸಲು ಹೊರಟ. ಕೊಳ್ಳಲು ಅಲ್ಲ, ಮಾಡಿಸಲು! ಏಕೆಂದರೆ ಮಾವ ತೆಂಗಿನ ಮರದ ಎತ್ತರ. ಅಂಗಡಿಯ ಸೈಕಲ್ಲು ಹತ್ತಿದರೆ ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತಿತ್ತು. ಕೊಳ್ಳೇಗಾಲದ ಸೈಕಲ್ ಅಂಗಡಿಯ ಮೇಸ್ತ್ರಿ, "ಅಳತೆ ತಕಂಬನ್ನಿ ಸಾ, ಪೈಪು ಕುಯ್ದು ಬೆಸುಗೆ ಆಕ್ಕೊಡ್ತೀನಿ" ಎಂದ. ಅಳತೆ ತೆಗೆಯುವವನು ಊರಲ್ಲಿ ಇನ್ಯಾರು? ಮಾವ ನನ್ನನ್ನೂ ಕರೆದುಕೊಂಡು ನೇರವಾಗಿ ದರ್ಜಿಯ ಮುಂದೆ ಹೋಗಿ ಕೈ ಅಗಲಿಸಿ ನಿಂತ. ದರ್ಜಿ ಸೊಂಟದಿಂದ ಅಂಗಾಲಿಗೆ, ಭುಜದಿಂದ ಮುಂಗೈಗೆ ಟೇಪು ಹಿಡಿದು ಚೀಟಿ ಬರೆದ.

"ಬಟ್ಟೆ ಎಲ್ಲಿ ಸಾ?"

"ಬಟ್ಟೆ ಅಲ್ಲ ಕಣಪ್ಪಾ, ಸೈಕಲ್ಲು."

ದರ್ಜಿ ಒಂದು ಕ್ಷಣ ಯೋಚಿಸಿ, ಕಸುಬು ಬಿಡದೆ ಕೇಳಿದ: "ಬಿಗಿಯಾಗಾ, ಲೂಸಾಗಾ?"

ಯಳಂದೂರಿನಲ್ಲಿ ಯಾರದೋ ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ಸೈಕಲ್ಲಿನ ಚೌಕಟ್ಟನ್ನು ಮಾವ ಹೆಗಲ ಮೇಲೆ ಹೊತ್ತು ತಂದ. ಮೇಸ್ತ್ರಿ ಅದನ್ನು ಕೊಯ್ದು, ನೀರಿನ ಪೈಪು ಸೇರಿಸಿ, ಚೀಟಿಯ ಪ್ರಕಾರ ನಿಲ್ಲಿಸಿದ. ಮಾವ ಹತ್ತಿ ಕುಳಿತ. ಪಾದ ಪೆಡಲಿಗಿಂತ ಎರಡಿಂಚು ಮೇಲೆ ಗಾಳಿಯಲ್ಲಿ ನೇತಾಡಿತು.

ದರ್ಜಿಯನ್ನು ವಿಚಾರಣೆಗೆ ಕರೆಸಿದೆವು. ಅವನಿಗೆ ಕಿಂಚಿತ್ತೂ ಅಳುಕಿಲ್ಲ. "ಎಲ್ಲಾ ಅಳತೆಗೂ ಎರಡೆರಡಿಂಚು ಎಚ್ಗೆ ಬುಟ್ಟಿವ್ನಿ ಸಾ. ಒಗುದ್ಮೇಲೆ ಕುಗ್ಗದಿಲ್ವಾ?"

ಪೆಡಲಿಗೆ ಮರದ ತುಂಡು ಕಟ್ಟಿದ್ದಾಯಿತು. ಆಮೇಲೆ ಯಾವುದೋ ಪತ್ರಿಕೆಯಲ್ಲಿ ಪಂದ್ಯದ ಸೈಕಲ್ಲಿನ ಚಿತ್ರ ನೋಡಿ ಹ್ಯಾಂಡಲನ್ನು ತಲೆಕೆಳಗು ಮಾಡಿಸಿದ. ಈಗ ಸೈಕಲ್ಲು ಹಾಯಲು ಬರುವ ಟಗರಿನಂತೆ ಕಾಣುತ್ತಿತ್ತು. ಆಮೇಲೆ ಭಾರ ಇಳಿಸುವ ಹುಚ್ಚು. ಮಡ್‌ಗಾರ್ಡು ಭಾರ, ಕಿತ್ತ. ಸ್ಟ್ಯಾಂಡು ಭಾರ, ಕಿತ್ತ. ಅಂಗೈಯಗಲದ ಬೆಲ್ಲು ಎಷ್ಟು ಭಾರವಪ್ಪಾ? ಅದನ್ನೂ ಕಿತ್ತ! ಚೈನಿನ ಕವರು ಹೋದದ್ದರಿಂದ ಪ್ಯಾಂಟು ಸಿಕ್ಕಿಕೊಳ್ಳತೊಡಗಿತು. ಅದಕ್ಕೆ ಹಳೆಯ ಟ್ಯೂಬು ಕತ್ತರಿಸಿ ಬಲಗಾಲಿಗೆ ಕಪ್ಪು ಪಟ್ಟಿ ಹಾಕಿಕೊಂಡ. ಇಳಿದ ಮೇಲೆ ತೆಗೆಯುವುದು ಮಾತ್ರ ಒಂದು ದಿನವೂ ನೆನಪಾಗಲಿಲ್ಲ.

ಕೊನೆಗೆ ಬ್ರೇಕಿಗೆ ಕೈಹಾಕಿದಾಗ ನಾನು ಅಡ್ಡ ನಿಂತೆ. "ಓಡುವ ವಸ್ತು ನಿಲ್ಲಲೂಬೇಕು ಮಾವ. ಇಲ್ಲದಿದ್ರೆ ಅದು ವಾಹನ ಅಲ್ಲ, ಅಪಘಾತ."

"ಸೈಕಲ್ ಇರೋದು ಓಗಕ್ಕೆ ಕಣವ್ವಾ. ನಿಂತ್ಕಳದಾದ್ರೆ ಮನೇಲೇ ನಿಂತ್ಕತಿದ್ದೆ."

ನಿಲ್ಲಿಸಲು ಚಪ್ಪಲಿಯನ್ನು ಹಿಂದಿನ ಚಕ್ರಕ್ಕೆ ಒತ್ತಿದರಾಯಿತು ಎಂಬುದು ಅವನ ಸಿದ್ಧಾಂತ. ಒಂದು ದಿನ ಶಾಲೆಯ ಮುಂದಿನ ಇಳಿಜಾರಿನಲ್ಲಿ ಚಪ್ಪಲಿಯೇ ಕಿತ್ತುಹೋಯಿತು. ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಂತಿದ್ದರು. ಹೆಡ್ಮಾಸ್ತರರು ಆಗತಾನೆ ಗಂಟೆ ಬಾರಿಸಿದ್ದರು. ಮಾವ ಗೇಟಿನ ಮುಂದೆ ಹಾದು, ಕೈಮುಗಿದು, ಊರಾಚೆಯ ಹುಣಸೆಮರದವರೆಗೂ ಹೋಗಿ, ಹತ್ತು ನಿಮಿಷದ ಮೇಲೆ ಸೈಕಲ್ಲು ತಳ್ಳಿಕೊಂಡು ಬಂದ.

"ಗಂಟೆ ಒಡೆಯೋ ಒತ್ಗೆ ಸರಿಯಾಗಿ ಬಂದೆ ಸಾ, ನೀವೇ ನೋಡುದ್ರಿ."

"ಬಂದುದ್ದ ನೋಡ್ನಿಲ್ಲ ಕಣ್ರೀ, ಓಗಿದ್ದ ನೋಡ್ದೆ."

ಅರ್ಧ ಗಂಟೆ ವಾದ ನಡೆದು, ಹೆಡ್ಮಾಸ್ತರರು ಪೆನ್ಸಿಲಿನಲ್ಲಿ ಅರ್ಧ ಗೆರೆ ಎಳೆದರಂತೆ.

ಕಳೆದ ತಿಂಗಳು ಮೈಸೂರಿನಲ್ಲಿ ಅಂತಿಮ ಸ್ಪರ್ಧೆ. ವಿಷಯ, ಯಂತ್ರವು ಮನುಷ್ಯನನ್ನು ಸೋಮಾರಿಯಾಗಿಸುತ್ತದೆ ಎಂಬುದು. ನಾನು ವಿರೋಧಪಕ್ಷ. ಇಂಥ ಅಸ್ತ್ರ ಮನೆಯಲ್ಲೇ ಇರುವಾಗ ಬಿಡುವುದುಂಟೇ? ನಮ್ಮ ಮಾವನ ಸೈಕಲ್ಲನ್ನು ಒಂದು ದಿನ ತುಳಿದು ನೋಡಿ, ಸೋಮಾರಿತನ ಎಲ್ಲಿ ಉಳಿಯುತ್ತದೆ ನೋಡೋಣ ಎಂದೆ. ದರ್ಜಿ, ಎರಡಿಂಚು, ಇಲ್ಲದ ಬ್ರೇಕು, ಹುಣಸೆಮರ, ಒಂದೊಂದನ್ನೂ ಉಪ್ಪುಖಾರ ಹಚ್ಚಿ ಬಡಿಸಿದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗೆದ್ದೆನೆಂದು ಬೀಗುತ್ತಾ ಕಣ್ಣಾಡಿಸಿದರೆ, ಕೊನೆಯ ಸಾಲಿನ ಬೆಂಚಿನಿಂದ ಎರಡು ಉದ್ದನೆಯ ಕಾಲುಗಳು ಹೊರಚಾಚಿದ್ದವು. ಬಲಗಾಲಿನಲ್ಲಿ ಕಪ್ಪು ಟ್ಯೂಬಿನ ಪಟ್ಟಿ.

ಬಹುಮಾನ ಕೊಟ್ಟ ಕೂಡಲೇ ಹೊರಗೆ ಓಡಿ ಹಿಡಿದೆ. "ನೀನು ಯಾವಾಗ ಬಂದೆ ಮಾವ?"

"ಯಾವಾಗ್ಲೂ ಬತ್ತೀನಲ್ಲವ್ವಾ. ಇಂದ್ಗಡೆ ಕೂತಿದ್ದು, ನೀ ಇಳೀತಿದ್ದಂಗೆ ಬಸ್ಸಿಗೋಯ್ತೀನಿ. ನನ್ನ ಕಂಡ್ರೆ ನಿಂಗೆ ಮಾತು ತಪ್ಪೋದು ಅಂತವ." ಪಟ್ಟಿ ಸರಿಮಾಡಿಕೊಂಡ. "ಓದ್ವರ್ಸ ಗೆರೆ ಬಿದ್ದು ರಜಾ ಸಾಲ್ದೆ ಫೈನಲ್ ತಪ್ಪೋಯ್ತು. ಈ ಸಲ ಆ ಪೆನ್ಸಿಲ್ದು ಬುಟ್ರೆ ಗೆರೆನೇ ಇಲ್ಲ."

ನನಗೆ ತಲೆಯೆತ್ತಲಾಗಲಿಲ್ಲ. "ಅಷ್ಟು ಜನರ ಮುಂದೆ ನಿನ್ನ ಆಡಿಕೊಂಡೆನಲ್ಲ."

"ಚೆನ್ನಾಗ್ ಆಡ್ಕಂಡೆ. ಒಂದೇ ತಪ್ಪು. ಬ್ರೇಕಿಲ್ಲ ಅಂದ್ಯಲ್ಲ, ಓದ್ತಿಂಗ್ಳೇ ಆಕ್ಸಿವ್ನಿ. ನೀ ಏಳಿದ್ದೇ ಸರಿ ಅನ್ನುಸ್ತು."

ಇಷ್ಟು ವರ್ಷ ವೇದಿಕೆಯ ಮೇಲೆ ಕೂಗಿದ್ದೇನೆ. ಚಪ್ಪಾಳೆ ತಟ್ಟಿದವರಿದ್ದಾರೆ, ಅಂಕ ಕೊಟ್ಟವರಿದ್ದಾರೆ. ನನ್ನ ಮಾತು ಕೇಳಿ ಹೋಗಿ ಬ್ರೇಕು ಹಾಕಿಸಿಕೊಂಡವನು ಇವನೊಬ್ಬನೇ. ಗೆದ್ದ ಹಿತ್ತಾಳೆ ಕಪ್ಪನ್ನು ಅವನ ಕೈಗೆ ತುರುಕಿ ಹಾಸ್ಟೆಲಿಗೆ ಓಡಿಬಿಟ್ಟೆ.

ಆಮೇಲೆ ಅಮ್ಮ ಕಾಗದ ಬರೆದಳು. ಕೊಳ್ಳೇಗಾಲದಲ್ಲಿ ಬಸ್ಸಿಳಿದವನು ನಮ್ಮ ಮನೆಯ ಗೋಡೆಗೆ ಒರಗಿಸಿದ್ದ ಸೈಕಲ್ಲು ತೆಗೆದುಕೊಂಡನಂತೆ. ಕಪ್ಪು ಒಳ್ಳೆ ಭಾರವಿದೆ, ಇಲ್ಲೇ ಇಟ್ಟು ಹೋಗು ಎಂದಳಂತೆ ಅಮ್ಮ. ಬೆಲ್ಲು ಭಾರವೆಂದು ಕಿತ್ತೆಸೆದವನು ಅದನ್ನು ಟವೆಲ್ಲಿನಲ್ಲಿ ಸುತ್ತಿ, ಹ್ಯಾಂಡಲಿಗೆ ಬಿಗಿದು, ಹನೂರಿನವರೆಗೂ ತುಳಿದುಕೊಂಡು ಹೋದನಂತೆ.