ಅಗ್ಗದ ಸ್ಟೀರಿಯೋ ಮತ್ತು ನನ್ನ ಬಂಗಾರದ ಕಿವಿ

ದೇವರು ನನಗೆ ಎತ್ತರ ಕೊಡುವಾಗ ಕೈ ಬಿಗಿ ಹಿಡಿದ. ಕೂದಲು ಕೊಟ್ಟವನು ಮೂವತ್ತು ದಾಟುವುದರೊಳಗೆ ವಾಪಸ್ ತಗೊಂಡ. ಆದರೆ ಕಿವಿ ಕೊಡುವಾಗ ಮಾತ್ರ ಬೊಗಸೆ ತುಂಬ ಸುರಿದ! ಗಾತ್ರದ ಮಾತಲ್ಲ ಸ್ವಾಮಿ, ಅದು ಬೇರೆ ವಿಷಯ. ಕೇಳುವ ಶಕ್ತಿಯ ಮಾತು. ಹಾಗಂತ ನನ್ನ ಗಾಢವಾದ ನಂಬಿಕೆಯಾಗಿತ್ತು.

ಆದ್ದರಿಂದ, ನಾನು ಮದುವೆಯಾಗಬೇಕೆಂದಿರುವ ಹುಡುಗಿ ತನ್ನ ಫ್ಲ್ಯಾಟಿಗೊಂದು ಸ್ಟೀರಿಯೋ ಬೇಕು ಅಂದಾಗ ಎದೆ ತಟ್ಟಿಕೊಂಡು ಹೇಳಿದೆ: "ಆ ಭಾರ ನನಗೆ ಬಿಡು. ಮೂರು ಕಾಸಿಗೆ ಗಂಧರ್ವಲೋಕವನ್ನೇ ನಿನ್ನ ಮೂರನೇ ಮಹಡಿಗೆ ಹತ್ತಿಸ್ತೀನಿ!"

"ಗಂಧರ್ವಲೋಕ ಬೇಡ. ಪಾತ್ರೆ ತೊಳೆಯುವಾಗ ಎರಡು ಹಾಡು ಕೇಳಿದ್ರೆ ಸಾಕು. ಪುಸ್ತಕದ ಶೆಲ್ಫ್ ಮೇಲೆ ಕೂರಬೇಕು. ಅಗ್ಗ ಇರಬೇಕು. ಅಷ್ಟೇ."

ಅವಳು ಕೋರ್ಟಿನಲ್ಲಿ ಸ್ಟೆನೋ. ಹೇಳಿದ ಮಾತಿಗೆ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಇನ್ನೊಂದು ಸಾಲು ಸೇರಿಸಿದಳು.

"ಅಂದಹಾಗೆ, ಭಾನುವಾರ ಅಮ್ಮ ಬರ್ತಾರೆ. ನಿನ್ನನ್ನ ನೋಡೋಕೆ. ಅವರು ಒಪ್ಪಿದ್ರೆ ಮದುವೆ."

"ಒಪ್ಪದಿದ್ರೆ?"

"ಒಪ್ಪೋ ಹಾಗೆ ನಡ್ಕೋ."

ಅವಳ ಅಮ್ಮ ಮೂವತ್ತೈದು ವರ್ಷ ಪಿಟೀಲು ಕಲಿಸಿದ ಟೀಚರ್! ಅಪಸ್ವರ ನುಡಿಸಿದವರನ್ನು ಬೈಯುವುದಿಲ್ಲವಂತೆ, ಸುಮ್ಮನೆ ನೋಡುತ್ತಾರಂತೆ. ಅಷ್ಟಕ್ಕೇ ಇಬ್ಬರು ಪಿಟೀಲು ಬಿಟ್ಟು ಕಾಮರ್ಸ್ ಸೇರಿದ್ದಾರಂತೆ. ನನಗೆ ಆಗಲೇ ಹೊಳೆಯಿತು. ಇದು ಬರೀ ಸ್ಟೀರಿಯೋ ಅಲ್ಲ, ನನ್ನ ಮದುವೆಯ ಅರ್ಜಿ!

ನಾನಿರುವ ವಿಮಾ ಆಫೀಸಿನಲ್ಲಿ ಇಂಥ ವಿಷಯಗಳಿಗೆಂದೇ ಒಬ್ಬ ಸಹೋದ್ಯೋಗಿ ಇದ್ದಾನೆ. ಎಲ್ಲರೂ ಅವನನ್ನು ಕರೆಯುವುದು 'ಡೆಸಿಬೆಲ್' ಅಂತ. ಫೈಲು ಮುಚ್ಚಿ, ಕನ್ನಡಕ ಒರೆಸಿ, ಡಾಕ್ಟರ್ ಥರ ಕೇಳಿದ.

"ರೂಮಿನ ಅಳತೆ ಎಷ್ಟು?"

"ಮಂಚ ಹಾಕಿದ್ರೆ ಕುರ್ಚಿ ಹಿಡಿಯಲ್ಲ, ಅಷ್ಟು."

"ಶೆಲ್ಫ್ ಮೇಲೆ ಕೂರೋದನ್ನ ತಗೊಂಡ್ರೆ ಬೇಸೇ ಇರಲ್ಲ. ಬೇಸ್ ಇಲ್ಲದ ಸಂಗೀತ ಬೇಸರ ಕಣೋ!"

ಮುಚ್ಚಿಹೋದ ಡ್ಯಾನ್ಸ್ ಸ್ಕೂಲೊಂದರ ಸಾಮಾನು ಮಾರಾಟಕ್ಕಿದೆ ಅಂತ ಸುಳಿವು ಕೊಟ್ಟವನೂ ಅವನೇ. ಹೋಗಿ ನೋಡಿದರೆ, ಆಹಾ! ಜೋಡಿ ಸ್ಪೀಕರು, ಒಂದು ಆಂಪ್ಲಿಫೈಯರ್, ಹಾವಿನಂಥ ತಂತಿಯ ಸುರುಳಿ, ಎಲ್ಲ ಸೇರಿ ಹೊಸ ಪುಟಾಣಿ ಸೆಟ್ಟಿಗಿಂತ ಅಗ್ಗ! ತೂಕದ ಲೆಕ್ಕದಲ್ಲಿ ನೋಡಿದರೆ ಈರುಳ್ಳಿಗಿಂತ ಅಗ್ಗ. ಮಾರಿದ ಡ್ಯಾನ್ಸ್ ಮೇಡಂ ಹಣ ಎಣಿಸದೆ ಜೇಬಿಗೆ ಹಾಕಿಕೊಂಡು, ಗಾಡಿಯವನಿಗೆ "ಬೇಗ ಹೊರಡಪ್ಪಾ" ಅಂದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಲಿಫ್ಟಿಗೆ ಅವು ಹಿಡಿಯಲಿಲ್ಲ. ನಾನೂ ಡೆಸಿಬೆಲ್ಲೂ ಒಂದೊಂದನ್ನೇ ತಬ್ಬಿಕೊಂಡು, ಮೆಟ್ಟಿಲಿಗೊಮ್ಮೆ ಅಯ್ಯೋ ಅಂತ, ಮೂರು ಮಹಡಿ ಹತ್ತಿಸಿದೆವು. ಅವಳು ಬಾಗಿಲು ತೆರೆದಳು. ಸ್ಪೀಕರುಗಳು ಅವಳ ಹೆಗಲಿಗೆ ಬರುತ್ತಿದ್ದವು.

"ಯಾರಿವರಿಬ್ಬರು? ಇಲ್ಲೇ ಇರ್ತಾರಾ?"

"ಸ್ಟೀರಿಯೋ!"

"ಶೆಲ್ಫ್ ಮೇಲೆ ಕೂರಬೇಕು ಅಂದಿದ್ದೆ."

"ಶೆಲ್ಫನ್ನೇ ಇದರ ಮೇಲೆ ಕೂರಿಸಬಹುದು!"

ಅವಳು ನಗಲಿಲ್ಲ. ಡೆಸಿಬೆಲ್ ನಕ್ಕ, ಆಮೇಲೆ ಅವಳ ಮುಖ ನೋಡಿ ಅವನೂ ನಿಲ್ಲಿಸಿದ.

ಮುಂದಿನದು ವಾಸ್ತುಶಾಸ್ತ್ರವನ್ನೂ ನಾಚಿಸುವ ಶಾಸ್ತ್ರ. ಎರಡು ಸ್ಪೀಕರು, ಒಬ್ಬ ಕೇಳುಗ, ಮೂರೂ ಸರಿಯಾದ ತ್ರಿಕೋನದಲ್ಲಿರಬೇಕಂತೆ. ಡೆಸಿಬೆಲ್ ಟೇಪು ಹಿಡಿದು ಅಳೆದ. ಊಟದ ಮೇಜು ಬಾಲ್ಕನಿಗೆ ಹೋಯಿತು. ಬಟ್ಟೆಯ ಬೀರು ಬಚ್ಚಲಮನೆಯ ಬಾಗಿಲಿಗೆ ಅಡ್ಡ ಬಂತು. ಕೇಳುಗ ಕೂರಬೇಕಾದ ಪವಿತ್ರ ಸ್ಥಾನ ಅಡುಗೆಮನೆಯ ಹೊಸ್ತಿಲ ಮೇಲೇ ಬಿತ್ತು!

"ನಾನು ಸ್ನಾನಕ್ಕೆ ಹೇಗೆ ಹೋಗಲಿ?" ಅಂದಳು.

"ಪಕ್ಕಕ್ಕೆ ತಿರುಗಿ, ಉಸಿರು ಒಳಗೆಳ್ಕೊಂಡು ಹೋದ್ರೆ ಆರಾಮಾಗಿ ಹೋಗಬಹುದು."

"ನೀನು ಹೋಗಿ ತೋರಿಸು."

ತೋರಿಸಿದೆ. ಹೋದೆ. ವಾಪಸ್ ಬರಲಾಗಲಿಲ್ಲ. ಡೆಸಿಬೆಲ್ ಬೀರು ಸರಿಸಬೇಕಾಯಿತು.

ಅವಮಾನ ಮರೆಸಲು ಸ್ವಿಚ್ ಒತ್ತಿ, ಗುಂಡಿಯನ್ನು ಒಂದೇ ಒಂದು ಕೂದಲೆಳೆಯಷ್ಟು ತಿರುಗಿಸಿದೆ. 'ಢಂ!' ಕಿಟಕಿಯ ಗಾಜು ನಡುಗಿತು, ತಟ್ಟೆಗಳು ತಾಳ ಹಾಕಿದವು, ನನ್ನ ಹೊಟ್ಟೆಯೊಳಗಿನ ಊಟ ಎದ್ದು ನಿಂತಿತು. ಎರಡೇ ನಿಮಿಷದಲ್ಲಿ ಕರೆಗಂಟೆ. ಕೆಳಗಿನ ಮನೆಯ ರಿಟೈರ್ಡ್ ಡ್ರಿಲ್ ಮೇಷ್ಟ್ರು. ಅಂಗೈಯಲ್ಲಿ ಪಿಂಗಾಣಿಯ ಒಂದು ಹಿಡಿ ಇತ್ತು.

"ಇದು ನಮ್ಮ ಹೂಜಿಯ ಹಿಡಿ," ಅಂದರು. "ಉಳಿದ ಹೂಜಿ ನೆಲದ ಮೇಲಿದೆ. ಇಪ್ಪತ್ತು ವರ್ಷ ಅಲ್ಲಾಡದೆ ನಿಂತಿತ್ತು. ನಿಮ್ಮ ಢಂ ಕೇಳಿದ್ದೇ ತಡ, ಎಡ-ಬಲ ಎಡ-ಬಲ ಅಂತ ನಡ್ಕೊಂಡು ಬಂದು ಬಿತ್ತು!"

ಅವಳು ಕ್ಷಮೆ ಕೇಳಿದಳು. ಮೇಷ್ಟ್ರು ಹೋದ ಮೇಲೆ ನನ್ನ ಕಡೆ ತಿರುಗಿದಳು. ಅವಳ ಅಮ್ಮ ಸುಮ್ಮನೆ ನೋಡುವುದು ಹೇಗಿರಬಹುದು ಅಂತ ಆಗಲೇ ಅಂದಾಜಾಯಿತು. "ಭಾನುವಾರದ ತನಕ ಟೈಮು. ಆಮೇಲೆ ಇವು ಇರಬೇಕು, ಇಲ್ಲಾ ನೀನು ಇರಬೇಕು."

ಭಾನುವಾರ ಮಧ್ಯಾಹ್ನ ಅಮ್ಮ ಬಂದರು. ಸಣ್ಣ ದೇಹ, ನೇರ ಬೆನ್ನು. ಬೀರು, ಮೇಜು, ಕಂಬಗಳಂಥ ಸ್ಪೀಕರು ಎಲ್ಲವನ್ನೂ ಸುಮ್ಮನೆ ನೋಡಿದರು. ನಾನೂ ಕಾಮರ್ಸ್ ಸೇರಲು ಸಿದ್ಧನಾದೆ. ಅವರನ್ನು ಹೊಸ್ತಿಲ ಮೇಲಿನ ಪವಿತ್ರ ಕುರ್ಚಿಯಲ್ಲಿ ಕೂರಿಸಿ, ಪಿಟೀಲು ಕಛೇರಿಯೊಂದನ್ನು ಪಿಸುಮಾತಿನಷ್ಟು ಸಣ್ಣಗೆ ಹಚ್ಚಿದೆ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕಣ್ಣು ಮುಚ್ಚಿದೆ. ರಸಿಕರು ಕಣ್ಣು ಬಿಟ್ಟು ಕೇಳುತ್ತಾರೆಯೇ!

"ಅಮ್ಮಾ, ಕೇಳಿ. ಕಮಾನು ತಂತಿಗೆ ತಾಗೋದು ಕೂಡ ಕೇಳ್ತಿದೆ. ಇದು ಬೇರೆ ಪೆಟ್ಟಿಗೆಗಳಲ್ಲಿ ಸಿಗಲ್ಲ."

"ಹೂಂ," ಅಂದರು.

ಆ 'ಹೂಂ' ನನಗೆ ಮಾಲೆ ಹಾಕಿದಂತಾಯಿತು. ಸ್ವರ ಏರಿತು, ಇಳಿಯಿತು, ತೆಳ್ಳಗಾಯಿತು, ನಿಂತಿತು. ಅಬ್ಬಾ, ಎಂಥ ನಿಲುಗಡೆ! ನನಗೆ ಮಾತು ತಡೆಯಲಾಗಲಿಲ್ಲ.

"ಈಗ, ಈಗ ಕೇಳಿ ಅಮ್ಮಾ! ಎರಡು ಸ್ವರಗಳ ನಡುವಿನ ಮೌನ! ಎಷ್ಟು ಆಳ, ಎಷ್ಟು ಶುದ್ಧ! ಅಗ್ಗದ ಸೆಟ್ಟಾದ್ರೆ ಇಲ್ಲೊಂದು ಗುಂಯ್ ಅನ್ನೋ ಸದ್ದು ಇರುತ್ತೆ. ಇದರಲ್ಲಿ ನೋಡಿ, ಏನೂ ಇಲ್ಲ! ಇದೇ ನಿಜವಾದ ಸಂಗೀತ. ಕಲಾವಿದ ಉಸಿರು ಬಿಗಿಹಿಡಿದು ಕೂತಿರೋದು ನನಗೆ ಕಾಣಿಸ್ತಿದೆ!"

ಮೌನ ಮುಂದುವರಿಯಿತು. ನನ್ನ ಹಣೆಯಲ್ಲಿ ಬೆವರೊಡೆಯಿತು. ರಸಾನುಭವ ಅಂದರೆ ಇದೇ ಅಂದುಕೊಂಡು ತಲೆದೂಗಿದೆ. ಕತ್ತಿನಿಂದ ಬೆನ್ನಿಗೂ ರಸಾನುಭವ ಇಳಿಯತೊಡಗಿತು.

"ಏನಪ್ಪಾ," ಅಮ್ಮನ ದನಿ ಮೆತ್ತಗೆ ಕೇಳಿಸಿತು, "ಈ ಮೌನ ಇನ್ನೂ ಎಷ್ಟು ಹೊತ್ತಿದೆ?"

"ದೊಡ್ಡ ಕಲಾವಿದರು ಅಮ್ಮಾ. ಅವಸರ ಮಾಡಲ್ಲ."

"ಕಣ್ಣು ಬಿಡು," ಅಂದಳು ಅವಳು. "ಕರೆಂಟ್ ಹೋಗಿ ಐದು ನಿಮಿಷ ಆಯ್ತು."

ಬಿಟ್ಟೆ. ಫ್ಯಾನು ನಿಂತಿತ್ತು. ಆಂಪ್ಲಿಫೈಯರಿನ ದೀಪ ಸತ್ತಿತ್ತು. ತಾಯಿ ಮಗಳು ಇಬ್ಬರೂ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದರು. ಬೀರುವಿನ ಸಂದಿಯಲ್ಲಿ ತೂರಿ ಬಚ್ಚಲಮನೆ ಸೇರಿಕೊಂಡು ಚಿಲಕ ಹಾಕಿಕೊಳ್ಳೋಣ ಅನ್ನಿಸಿತು. ಎದ್ದೆ. ಅಷ್ಟರಲ್ಲಿ ಅಮ್ಮ ಮಗಳ ಕಡೆ ತಿರುಗಿದರು.

"ಪೆಟ್ಟಿಗೆಗಳಿಗೆ ನನ್ನ ಒಪ್ಪಿಗೆ ಇಲ್ಲ. ಹುಡುಗನಿಗೆ ಇದೆ."

"ಅಮ್ಮಾ! ಇಷ್ಟೆಲ್ಲ ನೋಡಿದ ಮೇಲೂ?"

"ಹೂಂ ಕಣೇ. ಕೋಪ ಬಂದ್ರೆ ನೀನು ಮೂರು ಮೂರು ದಿನ ಮಾತು ಬಿಡ್ತೀಯ. ಆವಾಗ ತಲೆದೂಗ್ಕೊಂಡು ಕೂರೋ ಗಂಡ ಇನ್ನೆಲ್ಲಿ ಸಿಗ್ತಾನೆ?"